ಕಾಡತೂಸು ತೂಗಿದ ಇಪ್ಪತ್ತೊಂಬತ್ತು ವರ್ಷ

ನಿವೃತ್ತನಾಗಿ ಊರಿಗೆ ಬಂದ ಮೇಲೆ ಕಟ್ಟೆಯ ಮೇಲೆ ಕೂತವರು ನನಗೆ ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟ ಮಂದೀನ ಹೊಡದೀರಿ?" ಮೂವತ್ತೆರಡು ವರ್ಷ ಬಂದೂಕುಗಳ ನಡುವೆ ಬದುಕಿದವನು ಒಬ್ಬನನ್ನೂ ಹೊಡೆದಿಲ್ಲ ಅಂದರೆ ಅವರಿಗೆ ನಂಬಿಕೆಯೂ ಬರುವುದಿಲ್ಲ, ನನ್ನ ಮರ್ಯಾದೆಯೂ ಉಳಿಯುವುದಿಲ್ಲ. ಅದಕ್ಕೇ ಮೀಸೆ ತೀಡಿಕೊಂಡು ಸುಮ್ಮನಿದ್ದುಬಿಡುತ್ತೇನೆ. ನಿಜ ಹೇಳಬೇಕೆಂದರೆ ನನ್ನ ನೌಕರಿಯಲ್ಲಿ ರಕ್ತ ಬಂದದ್ದು ಒಂದೇ ಸಲ. ಅದು ನನ್ನದೇ ಎಡಗಾಲಿನ ಹೆಬ್ಬೆರಳಿನದು, ಅದೂ ಪೆಟ್ಟಿಗೆ ಜಾರಿ ಬಿದ್ದು.

ಯಾವ ದಳದಲ್ಲಿದ್ದೆ ಎಂದು ಬರೆಯುವುದಿಲ್ಲ. ಖಾಕಿ ತೊಟ್ಟಿದ್ದೆ, ಕೊಪ್ಪಳದ ಕಡೆ ಒಂದು ಗುಡ್ಡದ ಬುಡದಲ್ಲಿದ್ದ ಶಸ್ತ್ರಾಗಾರ ನನ್ನ ವಶದಲ್ಲಿತ್ತು ಅಂದರೆ ಸಾಕು. ಪಿಂಚಣಿ ಸುಖವಾಗಿ ಬರುತ್ತಿದೆ, ಅದರ ನೆಮ್ಮದಿ ಯಾಕೆ ಕೆಡಿಸಬೇಕು? ನನ್ನ ಹುದ್ದೆಗೆ ಆರ್ಮರರ್ ಅನ್ನುತ್ತಾರೆ. ಕೇಳಲಿಕ್ಕೆ ಗತ್ತಾಗಿದೆ. ಮಾಡುವುದೇನೆಂದರೆ ಬಂದೂಕಿಗೆ ಎಣ್ಣೆ ಹಾಕುವುದು, ಅರಿವೆ ತುರುಕಿ ನಳಿಗೆ ಒರೆಸುವುದು, ಗುಂಡು ಹಾರಿಸುವವರಿಗೆ ಕಾಡತೂಸು ಕೊಡುವುದು, ಹಾರಿಸಿದ ಮೇಲೆ ಖಾಲಿ ಕೊಳವೆ ಎಣಿಸಿ ವಾಪಸು ಇಸಿದುಕೊಳ್ಳುವುದು. ಒಂದು ಕೊಳವೆ ಕಡಿಮೆಯಾದರೆ ಇಡೀ ಪಡೆ ಮಂಡಿಯೂರಿ ಹುಲ್ಲಿನಲ್ಲಿ ಹುಡುಕಬೇಕು. ಮುಹೂರ್ತದ ಹೊತ್ತಿಗೆ ತಾಳಿ ಕಳೆದುಹೋದರೂ ಅಷ್ಟು ಜನ ಹುಡುಕಲಾರರು.

ಈಗ ಈ ಕೆಲಸಕ್ಕೆ ಹೊಸ ಹುಡುಗರು, ಹುಡುಗಿಯರು ಬರುತ್ತಿದ್ದಾರೆ. ಆಗಾಗ ಫೋನ್ ಮಾಡಿ, ದೂರದ ಗುರಿ ಸ್ಪರ್ಧೆಗೆ ಯಾವ ಕಾಡತೂಸು ಆರಿಸಬೇಕು, ಹೇಗೆ ಆರಿಸಬೇಕು ಎಂದು ಕೇಳುತ್ತಾರೆ. ಮೊಬೈಲಿನಲ್ಲಿ ನೂರು ವಿಡಿಯೋ ನೋಡಿ, ತಲೆ ಕೆಟ್ಟ ಮೇಲೆ ನನಗೆ ಕೇಳುತ್ತಾರೆ. ನಾನು ಆರಿಸಿದ್ದು ಹೇಗೆ, ಅದರಲ್ಲಿ ಎಷ್ಟು ಸುಳ್ಳಿತ್ತು ಎಂದು ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಹೆಸರು ಸರಿಮಾಡಿಕೊಳ್ಳಿ. ಮಂದಿ ಗುಂಡು ಅನ್ನುವುದು ಮುಂದಿನ ಮೂತಿ ಮಾತ್ರ. ಹಿತ್ತಾಳೆಯ ಕೊಳವೆ, ಅದರೊಳಗೆ ಮದ್ದು, ತಳದಲ್ಲಿ ಬಂದೂಕಿನ ಸೂಜಿ ಬಡಿಯುವ ಪುಟ್ಟ ಟೋಪಿ, ತುದಿಗೆ ಗುಂಡು, ಇಷ್ಟೂ ಸೇರಿದರೆ ಕಾಡತೂಸು. ನಮ್ಮ ಬಾಯಲ್ಲಿ ಅದು ರೌಂಡು. ಹತ್ತಿರದ ಗುರಿಗೆ ಯಾವ ರೌಂಡಾದರೂ ನಡೆಯುತ್ತದೆ. ಐನೂರು ಗಜದಾಚೆ ನಿಂತ ಹಲಗೆಯ ಮೇಲೆ ಊಟದ ತಟ್ಟೆಯಷ್ಟಿರುವ ಕರಿ ಚುಕ್ಕೆಗೆ ಹೊಡೆಯಬೇಕಾದರೆ ಮಾತ್ರ ರೌಂಡಿನ ಜಾತಕ ನೋಡಬೇಕು. ರೌಂಡುಗಳು ಕಾರ್ಖಾನೆಯಿಂದ ಪೆಟ್ಟಿಗೆಯಲ್ಲಿ ಬರುತ್ತವೆ, ಪೆಟ್ಟಿಗೆಯ ಮೇಲೆ ಲಾಟ್ ನಂಬರು ಇರುತ್ತದೆ. ಒಂದೇ ಮದ್ದಿನ ರಾಶಿಯಿಂದ ಒಂದೇ ಸಲಕ್ಕೆ ತುಂಬಿದ ರೌಂಡುಗಳು ಒಂದು ಲಾಟು. ಇದೇನು ದೊಡ್ಡ ವಿದ್ಯೆಯಲ್ಲ. ಆದರೂ ಅದನ್ನು ನನ್ನ ತಲೆಗೆ ಇಳಿಸಲಿಕ್ಕೆ ಒಬ್ಬ ಹುಡುಗಿ ಕಾರಟಗಿಯಿಂದ ಬರಬೇಕಾಯಿತು.

ನನಗೆ ಕೆಲಸ ಕಲಿಸಿದವರು ಕುಷ್ಟಗಿಯ ಮೌಲಾಸಾಬರು. ಮೊದಲ ದಿನವೇ ಒಂದು ಹಳೆ ರೈಫಲ್ ಕೈಗಿಟ್ಟು, "ಬಂದೂಕಂದ್ರ ಎಮ್ಮಿ ಇದ್ದಂಗ ನೋಡು ಶರಣಪ್ಪ. ದಿನಾ ಮೈ ತಿಕ್ಕಿದ್ರ ಹೇಳಿದಂಗ ಕೇಳತೈತಿ, ಬಿಟ್ಟಿ ಅಂದ್ರ ಒದೀತೈತಿ" ಅಂದಿದ್ದರು. ಸ್ಪರ್ಧೆಗೆ ರೌಂಡು ಆರಿಸುವಾಗ ಅವರು ಮಾಡುತ್ತಿದ್ದ ಪರೀಕ್ಷೆ ಮೂರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಮದ್ದಿನ ಸದ್ದು ಕೇಳುವುದು. ಗಾಜಿನ ಮೇಲೆ ಉರುಳಿಸಿ ಗುಂಡಿನ ಮೂತಿ ಸೊಟ್ಟಗೆ ತಿರುಗುತ್ತದೆಯೋ ನೆಟ್ಟಗೆ ತಿರುಗುತ್ತದೆಯೋ ನೋಡುವುದು. ಕೊನೆಗೆ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗುವುದು.

ಆ ತಕ್ಕಡಿ ಗಂಗಾವತಿಯ ಅಕ್ಕಸಾಲಿಗರೊಬ್ಬರದು. ಅದು ಶಸ್ತ್ರಾಗಾರಕ್ಕೆ ಹೇಗೆ ಬಂತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದು ಬಟ್ಟಲಲ್ಲಿ ಮೌಲಾಸಾಬರು 'ಅಸಲಿ' ಎಂದು ಕರೆಯುತ್ತಿದ್ದ ಒಂದು ಮಾದರಿ ರೌಂಡು, ಇನ್ನೊಂದರಲ್ಲಿ ಪರೀಕ್ಷೆಯ ರೌಂಡು. ಒಂದು ಗುಲಗಂಜಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅದು ಅಭ್ಯಾಸದ ಡಬ್ಬಿಗೆ. ಸರಿ ತೂಗಿದ್ದು ಸ್ಪರ್ಧೆಯ ಪೆಟ್ಟಿಗೆಗೆ. ಯಾವ ಲಾಟಿನದು ಎಂದು ಯಾರೂ ನೋಡುತ್ತಿರಲಿಲ್ಲ. ತೂಕ ಸರಿ ಇದ್ದರೆ ಎಲ್ಲವೂ ಸರಿ. ಮೌಲಾಸಾಬರು ಉಸಿರು ಬಿಗಿಹಿಡಿದು ಮುಳ್ಳು ನೋಡುತ್ತಿದ್ದ ರೀತಿಗೆ, ಬೇರೆ ಜಿಲ್ಲೆಗಳಿಂದ ಬಂದವರೂ ಟೋಪಿ ತೆಗೆದು ಸುಮ್ಮನೆ ನಿಲ್ಲುತ್ತಿದ್ದರು. ಅವರು ನಿವೃತ್ತರಾದಾಗ ತಕ್ಕಡಿ ನನಗೆ ಬಂತು, ಜೊತೆಗೆ ಆ ಮರ್ಯಾದೆಯೂ ಬಂತು. ನಾನು ತಕ್ಕಡಿ ಶರಣಪ್ಪನಾದೆ. ಈ ಹೆಸರಿನ ಮೇಲೆ ನನಗೆ ಎಷ್ಟು ಮೋಹವಿತ್ತೆಂದರೆ, ಲಗ್ನಪತ್ರಿಕೆಯಲ್ಲಿ ಬಂಧುಗಳು ಹಾಗೆ ಅಚ್ಚುಹಾಕಿಸಿದರೂ ಬೇಡ ಅನ್ನುತ್ತಿರಲಿಲ್ಲ.

ಅದಕ್ಕೂ ಮುಂಚಿನ ಒಂದು ಪ್ರತಾಪ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ. ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅವರಿಗೆ ಹೊಳಪಿನ ಹುಚ್ಚು. ಬೂಟು ಹೊಳೆಯಬೇಕು, ಬಿಲ್ಲೆ ಹೊಳೆಯಬೇಕು, ಸಿಬ್ಬಂದಿಯ ಬೋಳುತಲೆಯೂ ಹೊಳೆಯಬೇಕು. ನಮ್ಮಲ್ಲಿ ಒಂದು ಪೆಟ್ಟಿಗೆ ರೌಂಡು ಮಳೆಗಾಲದ ತೇವಕ್ಕೆ ಕಪ್ಪಾಗಿತ್ತು. ಮೌಲಾಸಾಬರು ರಜೆಯಲ್ಲಿದ್ದರು. ನನಗೆ ಮನೆಯ ಹಿತ್ತಾಳೆ ಕೊಡ ನೆನಪಾಯಿತು. ನಮ್ಮವ್ವ ಅದನ್ನು ಯಾವುದರಿಂದ ಬೆಳಗುತ್ತಿದ್ದಳೋ ಅದರಿಂದಲೇ ಇದನ್ನೂ ಬೆಳಗಿದೆ. ಬಕೆಟ್ಟಿನಲ್ಲಿ ಹುಣಸೆಹಣ್ಣು, ಉಪ್ಪು, ನೀರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೆನೆಹಾಕಿ, ತಿಕ್ಕಿ, ತೊಳೆದು, ಮಾಳಿಗೆಯ ಮೇಲೆ ಹಪ್ಪಳದ ಹಾಗೆ ಒಣಗಿಸಿದೆ. ಮದುವೆಮನೆಯ ಪಾತ್ರೆಗಳಂತೆ ಥಳಥಳ ಹೊಳೆದವು.

ಸಾಹೇಬರಿಗೆ ಖುಷಿಯೋ ಖುಷಿ. ಬೆನ್ನು ತಟ್ಟಿದರು. ಅಷ್ಟಕ್ಕೇ ಹೊರಟುಹೋಗಿದ್ದರೆ ನನ್ನ ಪುಣ್ಯ. ಆದರೆ ಅವರು, "ನಡೀರಿ, ಇದರಾಗ ಐದು ರೌಂಡು ನಾನ ಹೊಡೀತೀನಿ" ಅಂದರು. ಚಾಪೆಯ ಮೇಲೆ ಬೋರಲು ಮಲಗಿ ಗುರಿ ಹಿಡಿದು ಒತ್ತಿದರು. ಟಿಕ್. ಹಾರದ ರೌಂಡನ್ನು ಕೂಡಲೇ ತೆಗೆಯಬಾರದು, ತಡವಾಗಿ ಹಾರುವ ಸಾಧ್ಯತೆ ಇರುತ್ತದೆ. ಹಾಗಾಗಿ ಸಾಹೇಬರು ಬಿಸಿಲಿನಲ್ಲಿ ಹೊಟ್ಟೆ ನೆಲಕ್ಕೆ ಹಚ್ಚಿ ಕಾಯಬೇಕಾಯಿತು. ಎರಡನೆಯದೂ ಟಿಕ್. ಮತ್ತೆ ಕಾದರು. ಮೂರನೆಯದು ಟಿಕ್ ಅಂದಿತು, ಸಾಹೇಬರು ನನ್ನನ್ನು ಬೈಯಲು ತಲೆ ಎತ್ತಿ ಬಾಯಿ ತೆರೆದರು, ಆಗ ಢಂ ಅಂದಿತು. ಗುಂಡು ಎಲ್ಲಿ ಹೋಯಿತೋ ಆ ಗುಡ್ಡಕ್ಕೇ ಗೊತ್ತು. ಸಾಹೇಬರು ಎದ್ದು ಮಣ್ಣು ಕೊಡವಿಕೊಂಡು ಮೆತ್ತಗೆ ಕೇಳಿದರು.

"ಏನ್ ಹಚ್ಚೀರಿ ಇದಕ್ಕ?"

"ಹುಣಸೀಹಣ್ಣು ಸರ್."

"ಬೆಲ್ಲ ಹಾಕಲಿಲ್ಲೇನು?"

ಹದಿನೈದು ದಿನ ಹೆಚ್ಚುವರಿ ಪಹರೆ ಬಿತ್ತು. ಟೋಪಿಯ ಸಂದಿಯಿಂದ ನೀರು ಒಳಗಿಳಿದು ಮದ್ದು ಕೆಟ್ಟಿತ್ತು. ಮಕ್ಕಳೇ, ರೌಂಡನ್ನು ಒಣ ಅರಿವೆಯಿಂದ ಒರೆಸಿ, ಸಾಕು. ಕಪ್ಪಾದರೆ ಕಪ್ಪಾಗಲಿ, ಅದಕ್ಕೇನು ವರ ಹುಡುಕಬೇಕಾಗಿಲ್ಲ.

ಬಿಸಿಲಿನ ಪಾಠ ಗಂಗಾವತಿ ಕಡೆಯ ಕ್ಯಾಂಪಿನಲ್ಲಾಯಿತು. ಏಪ್ರಿಲ್ ತಿಂಗಳು, ರೌಂಡುಗಳ ಡಬ್ಬಿಯನ್ನು ಜೀಪಿನ ಬಾನೆಟ್ ಮೇಲೆ ಇಟ್ಟಿದ್ದೆ. ಡಬ್ಬಿ ರೊಟ್ಟಿ ಬೇಯುವಷ್ಟು ಕಾದಿತ್ತು. ಬೆಳಗಿನಿಂದ ಎಲ್ಲರ ಗುಂಡುಗಳೂ ಚುಕ್ಕೆಗಿಂತ ಮೇಲೆ ಬೀಳತೊಡಗಿದವು. ಸಾಹೇಬರು ಎಲ್ಲರ ರೈಫಲಿನ ಗುರಿಕಣ್ಣು ಕೆಳಗಿಳಿಸಿದರು. ಊಟದ ನಂತರ ನೆರಳಿನಲ್ಲಿದ್ದ ಹೊಸ ಡಬ್ಬಿ ಒಡೆದೆ. ಈಗ ಎಲ್ಲರದೂ ಚುಕ್ಕೆಯ ಕೆಳಗೆ. ಗುರಿಕಣ್ಣು ಮೇಲೇರಿಸಿದರು. ಸಂಜೆಯತನಕ ಹೀಗೇ ಏರಿಸಿ ಇಳಿಸಿ, ಕೊನೆಗೆ ಎಲ್ಲ ರೈಫಲುಗಳೂ ಕೆಟ್ಟಿವೆ ಎಂದು ವರದಿ ಬರೆಸಿದರು. ಮದ್ದಿಗೂ ಬೇಸಿಗೆ ತಟ್ಟುತ್ತದೆ, ಕಾದ ಮದ್ದು ಗುಂಡನ್ನು ಜೋರಾಗಿ ಒದೆಯುತ್ತದೆ ಎಂದು ಮೌಲಾಸಾಬರು ರಜೆ ಮುಗಿಸಿ ಬಂದ ಮೇಲೆ ಹೇಳಿದರು. ಅವರ ರಜೆಗಳು ನನ್ನ ನೌಕರಿಗೆ ಒಳ್ಳೆಯದು ಮಾಡಲಿಲ್ಲ.

ಇನ್ನೊಬ್ಬ ಅಧಿಕಾರಿ ಇದ್ದರು. ಓದಿದವರು, ಆದ್ದರಿಂದ ಯಾರ ಮಾತೂ ಕೇಳಬೇಕಾಗಿರಲಿಲ್ಲ. ಒಮ್ಮೆ ಸ್ಪರ್ಧೆಗೆಂದು ಭಾರದ ಗುಂಡಿನ ರೌಂಡುಗಳು ಬಂದವು. ಅವರು ಒಂದು ಎತ್ತಿ ನೋಡಿ, "ದೂರ ಹೋಗೂದು ಹಗುರ ಇರಬೇಕ್ರಿ. ಭಾರ ಇದ್ದದ್ದು ನಡುವ ಬೀಳತೈತಿ" ಎಂದು ಪೆಟ್ಟಿಗೆ ಮುಚ್ಚಿಸಿದರು. ಹಗುರ ಗುಂಡು ಹೊರಡುವಾಗ ಚುರುಕು ನಿಜ, ಆದರೆ ದೂರ ಹೋದಷ್ಟೂ ಗಾಳಿ ಹೇಳಿದಂತೆ ಕೇಳುತ್ತದೆ. ಭಾರದ್ದು ತನ್ನ ದಾರಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಇದನ್ನು ಹೇಳಲು ಹೋದೆ, ಕಣ್ಣು ಕೆಂಪು ಮಾಡಿದರು. ಸ್ಪರ್ಧೆ ಆಷಾಢದಲ್ಲಿ ಬಂತು. ನಮ್ಮ ಕಡೆ ಆಷಾಢದ ಗಾಳಿ ಪಂಚೆ ಉಟ್ಟವರನ್ನು ಪರೀಕ್ಷೆ ಮಾಡುವಂಥದು. ನಮ್ಮ ಗುರಿಕಾರನ ಹಗುರ ಗುಂಡುಗಳು ಪಕ್ಕದವನ ಹಲಗೆಗೆ ಹೋಗಿ ಬಿದ್ದವು. ಪಕ್ಕದವನು ಗೆದ್ದ, ನಮ್ಮವನಿಗೆ ಕೈಕುಲುಕಿ ಧನ್ಯವಾದ ಹೇಳಿದ. ಅಧಿಕಾರಿಗಳು ನನ್ನ ಕಡೆ ತಿರುಗಿ, "ಗಾಳಿ ಜಾಸ್ತಿ ಇತ್ತು" ಅಂದರು. ಹೌದು ಸರ್ ಅಂದೆ. ಹೌದು ಸರ್ ಅನ್ನುವ ಅಭ್ಯಾಸ ನನಗೆ ಗುರಿ ಹಿಡಿಯುವುದಕ್ಕಿಂತ ಚೆನ್ನಾಗಿತ್ತು.

ಇಷ್ಟೆಲ್ಲ ಬೇರೆಯವರ ದಡ್ಡತನ ಮತ್ತು ನನ್ನ ಎಳೆತನ. ಈಗ ನನ್ನ ಪಕ್ವ ದಡ್ಡತನಕ್ಕೆ ಬರುತ್ತೇನೆ.

ನಿವೃತ್ತಿಗೆ ಮೂರು ವರ್ಷ ಇದ್ದಾಗ ಹುಲಿಗೆಮ್ಮ ನಮ್ಮಲ್ಲಿಗೆ ಬಂದಳು. ಕಾರಟಗಿಯವಳು. ಅವರಪ್ಪ ಅಲ್ಲಿನ ಒಂದು ರೈಸ್ ಮಿಲ್ಲಿನಲ್ಲಿ ಹಮಾಲ, ಅವ್ವ ಅದೇ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುವಾಕೆ. ಹುಡುಗಿ ಮಾತು ಕಡಿಮೆ. ಮೊದಲ ತರಬೇತಿಯಲ್ಲೇ ಅವಳು ಹೊಡೆದ ಐದು ಗುಂಡುಗಳನ್ನು ಒಂದೇ ಅಂಗೈಯಿಂದ ಮುಚ್ಚಬಹುದಿತ್ತು. ಆ ವರ್ಷ ರಾಜ್ಯಮಟ್ಟದ ಗುರಿ ಸ್ಪರ್ಧೆಗೆ ನಮ್ಮಿಂದ ನಾಲ್ಕು ಜನ ಹೋಗಬೇಕು, ಐದು ಜನ ಇದ್ದರು. ಎರಡು ದಿನ ಆಯ್ಕೆ ಪರೀಕ್ಷೆ, ಎರಡರ ಅಂಕ ಕೂಡಿಸಿ ಕೊನೆಯವರನ್ನು ಬಿಡುವುದು. ನಮ್ಮಿಂದ ಅದುವರೆಗೆ ಒಬ್ಬ ಹೆಣ್ಣುಮಗಳೂ ಹೋಗಿರಲಿಲ್ಲ. ಇನ್‌ಸ್ಪೆಕ್ಟರ್ ಸಾಹೇಬರಿಗೆ ಅವಳ ಹೆಸರು ಬರೆಯುವುದೇ ಇಷ್ಟವಿರಲಿಲ್ಲ. ನಾನು, ಇನ್ನೂ ಒಂದಿಬ್ಬರು ಹೇಳಿದ್ದಕ್ಕೆ ಬರೆದರು. ಬರೆದು ಎಲ್ಲರ ಮುಂದೆ ಹೇಳಿದರು.

"ಬರದೀನಿ. ಆದ್ರ ಈಕಿ ತಪ್ಪಿದ್ಲು ಅಂದ್ರ, ನಾ ಇರೂಮಟ ಇನ್ನೊಬ್ಬ ಹೆಣ್ಮಗಳ ಹೆಸರು ಈ ಹಾಳಿ ಮ್ಯಾಲ ಬರಂಗಿಲ್ಲ."

ಹುಲಿಗೆಮ್ಮ ನೆಲ ನೋಡುತ್ತ ನಿಂತಿದ್ದಳು. ಅವಳ ಹಿಂದೆ ಇನ್ನೂ ಆರು ಹುಡುಗಿಯರು ನಿಂತಿದ್ದರು. ಹೇಗಾದರೂ ಈ ಹುಡುಗಿ ಗೆಲ್ಲಬೇಕು ಅನ್ನಿಸಿತು. ಆರ್ಮರರ್ ಕೈಯಲ್ಲಿ ಏನಿದೆ? ರೌಂಡು ಇದೆ. ಉಳಿದ ನಾಲ್ವರಿಗೆ ಹೊಸ ಪೆಟ್ಟಿಗೆ ಒಡೆದು ಸಾಲಿನಲ್ಲಿ ಬಂದ ರೌಂಡು ಹಂಚಿದೆ. ಅವಳಿಗೆ ಮಾತ್ರ ಮೂರು ದಿನ ಕೂತು, ಶಸ್ತ್ರಾಗಾರದಲ್ಲಿದ್ದ ಮೂರು ಲಾಟುಗಳನ್ನೂ ಜಾಲಾಡಿಸಿ, ಅಸಲಿಗೆ ಗುಲಗಂಜಿಯೂ ಹೆಚ್ಚುಕಡಿಮೆಯಾಗದ ನಲವತ್ತು ರೌಂಡು ಆರಿಸಿ ಕೊಟ್ಟೆ. ಇದು ನಿಯಮಕ್ಕೆ ವಿರುದ್ಧ. ಎಲ್ಲರಿಗೂ ಒಂದೇ ರೌಂಡು ಕೊಡಬೇಕು. ಅಕ್ಕರೆಗೆ ನಿಯಮ ಎಲ್ಲಿಂದ ಬರಬೇಕು?

ಮೊದಲ ದಿನ ಅವಳು ಕೊನೆಯವಳಾದಳು.

ಗುಂಡುಗಳು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಒಂದು ಚುಕ್ಕೆಯ ತಲೆಯ ಮೇಲೆ, ಒಂದು ನಡುವೆ, ಒಂದು ಕಾಲ ಕೆಳಗೆ, ಏಣಿ ನಿಲ್ಲಿಸಿದ ಹಾಗೆ. ಸಾಹೇಬರು ದುರ್ಬೀನು ಇಳಿಸಿ, "ಉಸಿರು ಹಿಡಿಯಾಕ ಬರಂಗಿಲ್ಲ ಆಕೀಗೆ" ಅಂದರು. ಹೀಗೆ ಮೇಲೆ ಕೆಳಗೆ ಬಿದ್ದರೆ ಉಸಿರಾಟದ ತಪ್ಪು ಎಂದು ನಮ್ಮ ಪುಸ್ತಕದಲ್ಲಿ ಬರೆದಿದೆ. ನಾನೂ ಅದನ್ನೇ ಹೇಳಿ ಅವಳಿಗೆ ಬೈದೆ. ಚಿನ್ನದಂಥ ರೌಂಡು ಕೊಟ್ಟರೂ ಹಾಳು ಮಾಡಿದಳಲ್ಲ ಎಂದು ಸಿಟ್ಟು ಬಂದಿತ್ತು.

ಮರುದಿನ ಬಿಡುವು. ಬೆಳಿಗ್ಗೆ ಅವಳು ಶಸ್ತ್ರಾಗಾರದ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಟವೆಲ್, ಒಂದು ಹಾಳೆ. ಟವೆಲ್ ಬಿಚ್ಚಿದರೆ ಖಾಲಿ ಕೊಳವೆಗಳು, ಹಾರಿಸಿದ ಸಾಲಿನಲ್ಲೇ ಇಟ್ಟಿದ್ದಳು. ಹಾಳೆಯಲ್ಲಿ ಯಾವುದು ಎಲ್ಲಿ ಬಿತ್ತೆಂದು ಬರೆದಿದ್ದಳು.

"ಸರ್, ಇವುನ್ನ ಎಣಿಸಿ ವಾಪಸ್ ಕೊಡಾಕ ಬಂದೀನ್ರಿ. ಒಂದ್ ಮಾತು ಕೇಳ್ಲೇನ್ರಿ?"

"ಕೇಳು."

"ಕೊಳವಿ ತಳದಾಗ ಇಸ್ವಿ ಹೊಡದಾರ ನೋಡ್ರಿ. ಮ್ಯಾಲ ಬಿದ್ದೂವೆಲ್ಲ ಒಂದ ಇಸ್ವೀವು. ಕೆಳಗ ಬಿದ್ದೂವು ಇನ್ನೊಂದರವು. ನಡುವ ಬಿದ್ದೂವು ಮತ್ತೊಂದರವು."

ನಾನು ನೋಡಿದೆ. ಹೌದು. ಆದರೆ ಹೌದು ಅನ್ನಲಿಲ್ಲ. ಸಾಹೇಬರ ಮುಂದೆ ಅಷ್ಟು ಸಲೀಸಾಗಿ ಬರುತ್ತಿದ್ದ ಹೌದು, ಈ ಹುಡುಗಿಯ ಮುಂದೆ ಬಾಯಿಗೇ ಬರಲಿಲ್ಲ.

"ಎಲ್ಲಾ ಒಂದ ತೂಕ ಅದಾವ. ನಾನ ತೂಗೀನಿ" ಅಂದೆ.

"ತೂಕ ಒಂದ ಇರಬಹುದ್ರಿ ಸರ್. ನಮ್ಮ ಮಿಲ್ಲಿನಾಗ ಹಳಿ ಅಕ್ಕಿ, ಹೊಸ ಅಕ್ಕಿ ಕೂಡಿಸಿ ಚೀಲ ತುಂಬಿದ್ರೂ ತೂಕ ಬರೋಬ್ಬರಿನ ಬರತೈತ್ರಿ. ಅನ್ನಕ್ಕಿಟ್ಟಾಗ ಗೊತ್ತಾಗೂದು. ಒಂದು ಗಂಜಿ ಆಕ್ಕೈತಿ, ಒಂದು ಕಾಳು ಕಾಳು ಉಳೀತೈತಿ."

"ನಿನ್ನ ವಯಸ್ಸಿಗಿಂತ ನನ್ನ ಸರ್ವಿಸ್ ಹೆಚ್ಚೈತಿ. ನಡಿ" ಅಂದೆ. ಅವಳು ಕೊಳವೆ ಎಣಿಸಿ ಕೊಟ್ಟು, ಸಹಿ ಹಾಕಿ ಹೋದಳು. ಅವಳು ತಿರುಗಿ ಏನಾದರೂ ಅಂದಿದ್ದರೆ ನನಗೆ ಆರಾಮಾಗುತ್ತಿತ್ತು.

ಹೋದ ಮೇಲೆ ಬಾಗಿಲು ಮುಂದೆ ಮಾಡಿ ತಕ್ಕಡಿ ತೆಗೆದೆ. ಇಪ್ಪತ್ತೊಂಬತ್ತು ವರ್ಷ ತುಂಬಿದ ರೌಂಡು ತೂಗಿದವನು ಖಾಲಿ ಕೊಳವೆಯನ್ನು ಯಾವತ್ತೂ ತೂಗಿರಲಿಲ್ಲ. ಅವತ್ತು ತೂಗಿದೆ. ತುಂಬಿದ್ದಾಗ ಕೂದಲಷ್ಟೂ ವ್ಯತ್ಯಾಸವಿಲ್ಲದಿದ್ದ ನಲವತ್ತು ರೌಂಡುಗಳ ಕೊಳವೆಗಳು ಒಂದಕ್ಕೊಂದು ಗುಲಗಂಜಿಗಟ್ಟಲೆ ಬೇರೆಯಾಗಿದ್ದವು. ಒಟ್ಟು ತೂಕ ಒಂದೇ, ಕೊಳವೆ ಮಾತ್ರ ದಪ್ಪ ತೆಳುವು. ಹಾಗಿದ್ದರೆ ಹಿತ್ತಾಳೆ ಎಷ್ಟು ಹೆಚ್ಚಿದೆಯೋ ಒಳಗಿನ ಸರಕು ಅಷ್ಟು ಕಡಿಮೆ ಇರಬೇಕು. ಇದಕ್ಕೆ ಗಣಿತ ಬೇಕಾಗಿಲ್ಲ. ಗುಂಡು, ಮದ್ದು ಎಂದು ನಾನು ತೂಗುತ್ತಿದ್ದದ್ದು ಹಿತ್ತಾಳೆಯನ್ನು. ಅದರ ಮೇಲೆ ಮೂರು ಲಾಟು, ಮೂರು ಬಗೆಯ ಮದ್ದು ಕಲಸಿ ಒಂದೇ ಪೆಟ್ಟಿಗೆಗೆ ತುಂಬಿದ್ದೆ. ಉಳಿದ ನಾಲ್ವರು ಯಾರೂ ಆರಿಸದ, ಒಂದೇ ಲಾಟಿನ ರೌಂಡು ಹೊಡೆದು ಸುಖವಾಗಿದ್ದರು. ಅವಳನ್ನು ಕೆಡವಿದ್ದು ನನ್ನ ಅಕ್ಕರೆ.

ಎರಡನೇ ಪರೀಕ್ಷೆಗೆ ಸುಮ್ಮನೆ ಒಳ್ಳೆಯ ಲಾಟು ಕೊಟ್ಟು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಮೊದಲ ದಿನದ ಅಂಕ ಅಷ್ಟು ಕೆಳಗಿತ್ತು, ಅವಳು ದೇವರ ಹಾಗೆ ಹೊಡೆದರೂ ಐದನೆಯವಳೇ. ಮೊದಲ ಪರೀಕ್ಷೆ ರದ್ದಾಗಬೇಕು. ರದ್ದಾಗಬೇಕೆಂದರೆ ನಾನು ಬಾಯಿ ಬಿಡಬೇಕು. ಒಬ್ಬಳಿಗೇ ಬೇರೆ ರೌಂಡು ಕೊಟ್ಟದ್ದು, ತಕ್ಕಡಿ ಸುಳ್ಳು, ಎರಡನ್ನೂ ಒಪ್ಪಿಕೊಳ್ಳಬೇಕು. ನನಗೆ ಭಯವಾದದ್ದು ಶಿಕ್ಷೆಗಲ್ಲ. ಇಲಾಖೆಯಲ್ಲಿ ನನಗೆ ಇದ್ದದ್ದು ಆ ಒಂದು ಹೆಸರು. ಅದು ಹೋದರೆ ನಾನು ಎಣ್ಣೆ ಅರಿವೆಯ ಶರಣಪ್ಪ, ಅಷ್ಟೇ.

ಧೈರ್ಯ ಬೇಕಾಗಿ ಕುಷ್ಟಗಿಗೆ ಫೋನ್ ಮಾಡಿದೆ. ಮೌಲಾಸಾಬರಿಗೆ ಆಗ ವಯಸ್ಸಾಗಿತ್ತು, ಕಿವಿ ಮಂದವಾಗಿತ್ತು. ಎರಡು ಸಲ ಕೂಗಿ ಹೇಳಿದೆ.

"ನನಗೂ ಅನುಮಾನ ಇತ್ತು ಬಿಡೋ" ಅಂದರು.

"ಮತ್ತ ಯಾಕ ಕಲಿಸಿದ್ರಿ?"

"ತಕ್ಕಡಿ ನೋಡಾಕ ಮಂದಿ ಬರ್ತಿದ್ರಲ್ಲೋ."

"ಈಗ ಏನ್ ಮಾಡ್ಲಿ?"

"ಹೋಗಿ ಹೇಳು. ಹುಡುಗೀದು ಬದುಕು ಹಾಳಾಗಬಾರದು." ಆಮೇಲೆ ತಡೆದು, "ನನ್ನ ಹೆಸರು ಹೇಳಬ್ಯಾಡ" ಅಂದರು.

ಹೋಗಿ ಹೇಳಿದೆ. ಇನ್‌ಸ್ಪೆಕ್ಟರ್ ಸಾಹೇಬರು ಚಹಾ ಕುಡಿಯುತ್ತಿದ್ದರು. ಪೂರ್ತಿ ಕೇಳಿ ಬಸಿ ಕೆಳಗಿಟ್ಟರು.

"ಅಂದ್ರ ಇಷ್ಟು ವರ್ಷ ನೀವು ಏನ್ ತೂಗಿದ್ರಿ?"

"ಹಿತ್ತಾಳಿ ಸರ್."

"ಬರದು ಕೊಡ್ರಿ."

ಬರೆದು ಕೊಟ್ಟೆ. "ಸದರಿ ಪರೀಕ್ಷೆಯಲ್ಲಿ ಮಹಿಳಾ ಸಿಬ್ಬಂದಿಯ ಗುಂಡುಗಳು ಮೇಲೆ ಕೆಳಗೆ ಬಿದ್ದುದಕ್ಕೆ ಅವರ ಉಸಿರಾಟ ಕಾರಣವಲ್ಲ, ನಾನು ಆರಿಸಿಕೊಟ್ಟ ಕಾಡತೂಸುಗಳು ಕಾರಣ" ಎಂದು ಬರೆದು ಸಹಿ ಮಾಡಿದೆ. ನೌಕರಿಯಲ್ಲಿ ನಾನು ಬರೆದ ಕಾಗದಗಳಲ್ಲಿ ಪೂರ್ತಿ ನಿಜವಿದ್ದದ್ದು ಅದೊಂದೇ ಇರಬೇಕು. ಸಾಹೇಬರು ಅದನ್ನು ಸಾಲು ನಿಲ್ಲಿಸಿ ಗಟ್ಟಿಯಾಗಿ ಓದಿದರು. ಮೊದಲ ಪರೀಕ್ಷೆ ರದ್ದು ಅಂದರು. ಉಳಿದ ನಾಲ್ವರು ನನ್ನನ್ನು ಸುಡುವ ಹಾಗೆ ನೋಡಿದರು. ಹಿಂದಿನಿಂದ ಯಾರೋ "ಹಿತ್ತಾಳಿ ಶರಣಪ್ಪ" ಅಂದರು. ಇಡೀ ಸಾಲು ನಕ್ಕಿತು. ಸಂಜೆಯ ಹೊತ್ತಿಗೆ ಆ ಹೆಸರು ಮುನಿರಾಬಾದಿನವರೆಗೆ ಹೋಗಿ ಮುಟ್ಟಿತ್ತು. ಹುಲಿಗೆಮ್ಮ ಮಾತ್ರ ನಗಲಿಲ್ಲ.

ಮರುಪರೀಕ್ಷೆಗೆ ರೌಂಡು ಆರಿಸಿದ್ದು ಅವಳ ಪದ್ಧತಿಯಲ್ಲಿ. "ಭತ್ತದ ಲಾರಿ ಬಂದ್ರ ಒಂದೊಂದ ಕಾಳು ತೂಗತಾರೇನ್ರಿ ಸರ್? ಚೀಲಕ್ಕ ಕೊಕ್ಕಿ ಚುಚ್ಚಿ ಒಂದ್ ಹಿಡಿ ತಗೀತಾರ, ಬಡದು ನೋಡ್ತಾರ, ಛಲೋ ಇದ್ರ ಪೂರಾ ಲಾರಿ ಇಳಿಸ್ಕೋತಾರ" ಅಂದಳು. ಹಾಗೇ ಮಾಡಿದೆವು. ಒಂದೇ ರೈಫಲ್, ಒಬ್ಬನೇ ಹೊಡೆಯುವವನು, ಬೆಳಗಿನ ಗಾಳಿಯಿಲ್ಲದ ಹೊತ್ತು, ರೌಂಡುಗಳು ಬೇವಿನ ನೆರಳಿನಲ್ಲಿ. ಮೂರು ಲಾಟಿನಿಂದ ಹತ್ತು ಹತ್ತು ಹೊಡೆಸಿ, ಯಾವುದರ ಗುಂಡುಗಳು ಹೆಚ್ಚು ಒತ್ತೊತ್ತಾಗಿ ಬಿದ್ದವೋ ಆ ಲಾಟಿನ ಒಡೆಯದ ಪೆಟ್ಟಿಗೆಯನ್ನು ಐವರಿಗೂ ಹಂಚಿದೆ. ಗಾಜಿನ ಮೇಲೆ ಉರುಳಿಸಿ ಮೂತಿ ಸೊಟ್ಟ ಇದ್ದವನ್ನು ತೆಗೆದೆ. ಆ ಒಂದು ಪರೀಕ್ಷೆಗೆ ಮಾತ್ರ ಮೌಲಾಸಾಬರಿಗೆ ಸಲಾಮು ಸಲ್ಲಬೇಕು. ನೀವೂ ಹೀಗೇ ಮಾಡಿ. ಇಷ್ಟೇ ವಿದ್ಯೆ.

ಎರಡೂ ದಿನದ ಅಂಕ ಕೂಡಿಸಿದಾಗ ಹುಲಿಗೆಮ್ಮ ಎರಡನೆಯವಳಾಗಿ ಬಂದಳು. ಸಾಹೇಬರು ಪಟ್ಟಿಯಲ್ಲಿ ಅವಳ ಹೆಸರನ್ನು ಟಿಕ್ ಮಾಡುವಾಗ ಪೆನ್ನು ಎರಡು ಸಲ ಝಾಡಿಸಿದರು. ಶಾಯಿ ಇತ್ತು, ನಾನು ನೋಡಿದ್ದೇನೆ.

ರಾಜ್ಯ ಸ್ಪರ್ಧೆಗೆ ನಾನು ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ. ಸಂಜೆ ನಾಲ್ಕರ ಸುಮಾರಿಗೆ ಅವಳ ಫೋನ್ ಬಂತು.

"ಸರ್, ನಾಲ್ಕನೇದು ಬಂತ್ರಿ. ಒಂದ್ ಗುಂಡು ಎಡಕ್ಕ ಹೋತು, ಅದರಿಂದ ಪದಕ ತಪ್ಪಿತು."

ನಾನು ಅವಸರದಿಂದ ಕೇಳಿದೆ. "ಬಿಸಲಾಗ ಇಟ್ಟಿದ್ದೇನು ರೌಂಡು? ಪೆಟಿಗಿ ಬದಲಾತೇನು?"

"ಇಲ್ರಿ ಸರ್, ರೌಂಡು ಛಲೋ ಇತ್ರಿ. ನಾನ ಗಾಳಿ ನೋಡಲಿಲ್ಲ. ಈ ಸಲ ತಪ್ಪಿದಾಕಿ ನಾನ." ಹೇಳುತ್ತ ನಗುತ್ತಿದ್ದಳು. ಸೋತು ಬಂದ ಎಷ್ಟೋ ಜನರನ್ನು ನೋಡಿದ್ದೇನೆ, ಅಷ್ಟು ಖುಷಿಯಿಂದ ಸೋತವರನ್ನು ನೋಡಿರಲಿಲ್ಲ. ಮುಂದಿನ ವರ್ಷ ಆ ಹಾಳೆಯ ಮೇಲೆ ಮೂವರು ಹುಡುಗಿಯರ ಹೆಸರಿತ್ತು.

ಫೋನ್ ಇಟ್ಟ ಮೇಲೆ ನನಗೆ ಕುಳಿತಲ್ಲಿ ಕೂಡಲಾಗಲಿಲ್ಲ. ಅವಳಿಗಾದರೋ ತನ್ನ ತಪ್ಪು ತನ್ನದೆಂದು ಗೊತ್ತಾಯಿತು. ಅವಳಿಗಿಂತ ಮುಂಚೆ ನನ್ನ ತಕ್ಕಡಿಯ ರೌಂಡು ಹಿಡಿದು, ಮೇಲೆ ಕೆಳಗೆ ಹೊಡೆದು, ಉಸಿರು ಹಿಡಿಯಲು ಬರುವುದಿಲ್ಲ ಎಂದು ಹೆಸರು ಹೊಡೆಸಿಕೊಂಡು ಹೋದವರೂ ಇದ್ದರು. ಅವರಲ್ಲಿ ನಿಂಗಪ್ಪನ ಮುಖ ಚೆನ್ನಾಗಿ ನೆನಪಿತ್ತು. ಒಳ್ಳೆಯ ಗುರಿಕಾರ. ಹದಿನಾಲ್ಕು ವರ್ಷದ ಹಿಂದೆ ಹೀಗೇ ಆಯ್ಕೆಯಲ್ಲಿ ಬಿದ್ದವನು ಮತ್ತೆ ಸ್ಪರ್ಧೆಯ ರೈಫಲ್ ಮುಟ್ಟಿರಲಿಲ್ಲ. ಈಗ ಯಲಬುರ್ಗಾದಲ್ಲಿ ಪಹರೆ ಕೆಲಸದಲ್ಲಿದ್ದಾನೆ ಎಂದು ಕೇಳಿದ್ದೆ. ಆ ಭಾನುವಾರ ಬಸ್ಸು ಹತ್ತಿ ಹೋದೆ.

ಅವನು ಮನೆಯ ಮುಂದೆ ಚಾಪೆ ಹಾಸಿ, ಪದ್ಮಾಸನದಲ್ಲಿ ಕೂತು, ಒಂದು ಮೂಗು ಮುಚ್ಚಿ ಇನ್ನೊಂದರಿಂದ ಗಾಳಿ ಎಳೆದುಕೊಳ್ಳುತ್ತಿದ್ದ. ಮುಗಿಸುವ ತನಕ ಕಾದೆ. ಆಮೇಲೆ ತಕ್ಕಡಿ, ಹಿತ್ತಾಳೆ, ಲಾಟು, ಎಲ್ಲವನ್ನೂ ಹೇಳಿದೆ. ಅವತ್ತು ನಿನ್ನ ಉಸಿರಿನದು ಏನೂ ತಪ್ಪಿರಲಿಲ್ಲ ನಿಂಗಪ್ಪ ಅಂದೆ. ಅವನು ನನ್ನನ್ನು ನೋಡಿದ, ಚಾಪೆಯನ್ನು ನೋಡಿದ.

"ಹದಿನಾಲ್ಕ ವರ್ಷ ಆತಲ್ರಿ ಸರ್" ಅಂದ. "ಒಂದ್ ದಿನಾ ತಪ್ಪಿಸಿಲ್ಲ. ಯಾವತ್ತರ ಕರದ್ರ ಇರಲಿ ಅಂತ ದಿನಾ ಮುಂಜಾನಿ ಉಸಿರು ಹಿಡಿಯೂದು ಕಲ್ಯಾಕತ್ತೀನಿ."

ಇಬ್ಬರೂ ನಕ್ಕೆವು. ಮೊದಲು ನಿಲ್ಲಿಸಿದ್ದು ನಾನು.